ಡಾ. ಎಂ. ಸಿ. ಮೋದಿ: ಕಣ್ಣಿನ ಶಸ್ತ್ರವೂ ಸಂಚಾರಿ ಸೇವೆಯೂ

ಮಲಪ್ರಭೆಯ ದಂಡೆಯಲ್ಲಿರುವ ಹೊಳೆಆಲೂರಿನಲ್ಲಿ ಅಂಧ ಮಕ್ಕಳ ವಸತಿ ಶಾಲೆಯೊಂದಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಕಾಲದಿಂದ ಅಂಧರಿಗೆ ಸಂಗೀತವನ್ನು ಕಲಿಸುತ್ತ ಬಂದಿದೆ. ಇವು ವಾಸಿಯಾಗದ ಅಂಧತ್ವಕ್ಕೆ ಈ ಸೀಮೆ ಕಂಡುಕೊಂಡ ಉತ್ತರಗಳು. ಶಸ್ತ್ರದಿಂದ ವಾಸಿಯಾಗಬಲ್ಲ ಅಂಧತ್ವ ಬೇರೆಯದು. ಕಣ್ಣಿನ ಪೊರೆ, ಅಂದರೆ ಉತ್ತರ ಕರ್ನಾಟಕದವರು ಮೋತಿಬಿಂದು ಎಂದು ಕರೆಯುವ ದೋಷ, ಆ ಬಗೆಯದು. ಅದಕ್ಕೆ ಉತ್ತರ ಹುಡುಕಿದವರು ಇದೇ ನಾಡಿನ ನೆರೆಯ ಬೀಳಗಿಯಲ್ಲಿ 1916ರ ಅಕ್ಟೋಬರ್ 4ರಂದು ಜನಿಸಿದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ. ಇವರ ಜೀವನವನ್ನು ಸಾಮಾನ್ಯವಾಗಿ ಅಂಕಿಸಂಖ್ಯೆಗಳ ಮೂಲಕ ಹೇಳಲಾಗುತ್ತದೆ. ಅವರ ಸಾಧನೆಯನ್ನು ಕೈಯಲ್ಲಿದ್ದ ಶಸ್ತ್ರದ ಸ್ವರೂಪದಿಂದ ಅರಿಯುವುದು ಪ್ರಸ್ತುತ ಲೇಖನದ ಉದ್ದೇಶ.

ಪೊರೆಯ ಚಿಕಿತ್ಸೆ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೇಳುತ್ತದೆ. ಪೊರೆಗೆ ಜವೆಗೋದಿಯ ಕಾಳಿನಂಥ ತುದಿಯುಳ್ಳ ಶಲಾಕೆಯನ್ನು ವಿಧಿಸುತ್ತದೆ. ಆ ಕ್ರಮದಲ್ಲಿ ಮಂಜಾದ ಮಸೂರವನ್ನು ದೃಷ್ಟಿಪಥದಿಂದ ಕೆಳಕ್ಕೆ ತಳ್ಳುತ್ತಿದ್ದರೇ ಹೊರತು ಹೊರತೆಗೆಯುತ್ತಿರಲಿಲ್ಲ. ಮಸೂರವನ್ನು ಹೊರತೆಗೆಯುವ ವಿಧಾನವನ್ನು ಫ್ರಾನ್ಸಿನ ಜಾಕ್ ದವಿಯೆಲ್ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ರೂಢಿಗೆ ತಂದನು. 1860ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ರೂಪಿಸಿದ ಕಿರಿದಾದ ನೀಳ ಅಲಗಿನ ಚಾಕು ಮುಂದೆ ಸುಮಾರು ಒಂದು ಶತಮಾನ ಕಾಲ ನೇತ್ರವೈದ್ಯರ ಮುಖ್ಯ ಶಸ್ತ್ರವಾಯಿತು.

ಮೋದಿಯವರು ವೃತ್ತಿಗಿಳಿದ ಕಾಲದ ಶಸ್ತ್ರಚಿಕಿತ್ಸೆಯ ಕ್ರಮ ಸರಳವಾಗಿ ಹೀಗಿತ್ತು. ಕಣ್ಣಿಗೆ ಅರಿವಳಿಕೆ ಕೊಟ್ಟು, ರೆಪ್ಪೆಗಳನ್ನು ತಂತಿಯ ಸಾಧನದಿಂದ ಅಗಲಿಸಿ, ಗುಡ್ಡೆ ಕದಲದಂತೆ ಚಿಮಟದಿಂದ ಹಿಡಿಯುತ್ತಿದ್ದರು. ಗ್ರೇಫೆ ಚಾಕುವನ್ನು ಕರಿಗುಡ್ಡೆಯ ಅಂಚಿನ ಒಂದು ಬದಿಯಲ್ಲಿ ಚುಚ್ಚಿ, ಇನ್ನೊಂದು ಬದಿಯಲ್ಲಿ ಹೊರಡಿಸಿ, ಮೇಲ್ಮುಖವಾಗಿ ಕೊಯ್ಯುತ್ತಿದ್ದರು. ಸಣ್ಣ ಕತ್ತರಿಯಿಂದ ಪಾಪೆಯ ಚೂರನ್ನು ತೆಗೆದು, ಮಸೂರವನ್ನು ಚಿಮಟದಿಂದಲೋ ಹೊರಗಿನ ಒತ್ತಡದಿಂದಲೋ ಈಚೆಗೆ ತರುತ್ತಿದ್ದರು. ರೋಗಿ ಹಲವು ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿರಬೇಕಿತ್ತು. ಬಳಿಕ ದಪ್ಪ ಗಾಜಿನ ಕನ್ನಡಕ ಅನಿವಾರ್ಯವಾಗಿತ್ತು. ಉಳಿದ ಉಪಕರಣಗಳನ್ನು ಕುದಿಸಬಹುದಿತ್ತು. ಕುದಿಸಿದರೆ ಚಾಕುವಿನ ಮೊನೆ ಮೊಂಡಾಗುವುದರಿಂದ ಅದನ್ನು ಔಷಧದ್ರವದಲ್ಲಿ ಅದ್ದಿಡುವುದು ವಾಡಿಕೆಯಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇಷ್ಟೂ ಉಪಕರಣಗಳು ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು ಮತ್ತು ಇವಾವುದಕ್ಕೂ ವಿದ್ಯುತ್ತು ಬೇಕಿರಲಿಲ್ಲ.

ಈ ಸಂಗತಿಯ ಸಾಮಾಜಿಕ ಅರ್ಥವನ್ನು ಮೋದಿಯವರು ಗ್ರಹಿಸಿದರು. ಅಂದು ಮುಂಬಯಿ ಪ್ರಾಂತದಲ್ಲಿದ್ದ ರೋಣ, ಬೀಳಗಿಗಳ ರೈತನಿಗೆ ಮುಂಬಯಿಯಾಗಲಿ, ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿದ್ದ ಮಿಂಟೋ ಆಸ್ಪತ್ರೆಯಾಗಲಿ ದೂರದ ಮಾತು. ಕಣ್ಣು ಕಾಣದವನು ಒಬ್ಬನೇ ಹೋಗಲಾರ. ಜೊತೆಗೆ ಹೋದವನ ಕೂಲಿಯೂ ತಪ್ಪುತ್ತದೆ. ರೋಗಿ ಶಸ್ತ್ರದ ಬಳಿಗೆ ಹೋಗಲಾರದಿದ್ದರೆ ಶಸ್ತ್ರವೇ ರೋಗಿಯ ಬಳಿಗೆ ಹೋಗಬೇಕು ಎಂಬ ತತ್ತ್ವದ ಮೇಲೆ ಅವರು 1943ರಿಂದ ಉಚಿತ ಸಂಚಾರಿ ನೇತ್ರ ಶಿಬಿರಗಳನ್ನು ನಡೆಸತೊಡಗಿದರು. ಭಾರತ ಸರ್ಕಾರವು 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿ ಅವರನ್ನು ಗೌರವಿಸಿತು. ಕಣ್ಣು ಕೊಟ್ಟ ಅಣ್ಣ ಎಂಬ ಬಿರುದು ಮಾತ್ರ ಜನರು ಕೊಟ್ಟದ್ದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಆ ವೇಳೆಗೆ ಮೋದಿಯವರ ಸಂಚಾರಕ್ಕೆ ಮೂರು ದಶಕಗಳು ಸಂದಿದ್ದವು.

ಗಿನ್ನೆಸ್ ದಾಖಲೆ ಪುಸ್ತಕದ ಪ್ರಕಾರ ಅವರು 1993ರ ಫೆಬ್ರುವರಿಯವರೆಗೆ 46,120 ಹಳ್ಳಿಗಳನ್ನು ಸಂದರ್ಶಿಸಿ 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರು. ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದದ್ದೂ ಅಲ್ಲಿ ದಾಖಲಾಗಿದೆ. ಈ ಸಂಖ್ಯೆಗಳನ್ನು ಬೆರಗಿನಿಂದಷ್ಟೇ ಓದುವುದು ಸಲ್ಲದು. ಇಪ್ಪತ್ತನಾಲ್ಕು ಗಂಟೆಯೂ ಬಿಡುವಿಲ್ಲದೆ ದುಡಿದರೂ 833 ಎಂದರೆ ಒಂದು ಕಣ್ಣಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಐವತ್ತು ವರ್ಷಗಳಲ್ಲಿ 46,120 ಹಳ್ಳಿ ಎಂದರೆ ದಿನಕ್ಕೆ ಎರಡಕ್ಕೂ ಹೆಚ್ಚು. ರೋಗಿಗಳನ್ನು ಆರಿಸಿ, ಕಣ್ಣು ತೊಳೆದು, ಅರಿವಳಿಕೆ ಕೊಟ್ಟು, ಪಟ್ಟಿ ಕಟ್ಟುವ ಅನೇಕ ಕೈಗಳಿಲ್ಲದೆ ಇಂಥ ಪ್ರಮಾಣವನ್ನು ಊಹಿಸಲಾಗದು. ಆದ್ದರಿಂದ ಈ ದಾಖಲೆ ಒಬ್ಬ ವ್ಯಕ್ತಿಯದಾದಂತೆಯೇ ಹೆಸರಿಲ್ಲದ ಸಹಾಯಕರದೂ ಹೌದು. ಅದು ಹೇಳದಿರುವ ಇನ್ನೊಂದು ಸಂಗತಿಯಿದೆ: ಎಷ್ಟು ಕಣ್ಣುಗಳಿಗೆ ಶಸ್ತ್ರ ತಗುಲಿತೆಂದು ಅದು ಎಣಿಸುತ್ತದೆ, ಎಷ್ಟು ಕಣ್ಣುಗಳು ಕಂಡವೆಂದು ಎಣಿಸುವುದಿಲ್ಲ. ತಾತ್ಕಾಲಿಕ ಶಿಬಿರಗಳಲ್ಲಿ ಸೋಂಕಿನ ಅಪಾಯ, ಚಿಕಿತ್ಸೆಯ ನಂತರದ ನಿಗಾ, ಕನ್ನಡಕದ ಪೂರೈಕೆ ಇವು ಯಾರೇ ನಡೆಸಿದರೂ ಎದುರಾಗುವ ಪ್ರಶ್ನೆಗಳಾಗಿದ್ದವು.

1990ರ ದಶಕದಲ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುವ ಪದ್ಧತಿ ಭಾರತದಲ್ಲಿ ವ್ಯಾಪಕವಾಯಿತು. ಅದಕ್ಕೆ ಸೂಕ್ಷ್ಮದರ್ಶಕವೂ ಸುಸಜ್ಜಿತ ಕೊಠಡಿಯೂ ಬೇಕು. ಗ್ರೇಫೆ ಚಾಕು ಹಿಂದೆ ಸರಿಯಿತು. ಶಾಲೆ, ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ಕ್ರಮವೂ ಹಿಂದೆ ಸರಿಯಿತು. ಹಳ್ಳಿಯಲ್ಲಿ ತಪಾಸಣೆ ಮಾಡಿ ರೋಗಿಗಳನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯುವುದು ರೂಢಿಯಾಯಿತು. ಮೋದಿಯವರು 2005ರ ನವೆಂಬರ್ 11ರಂದು ನಿಧನರಾದಾಗ ಅವರು ಬಳಸಿ ಬೆಳೆದ ವಿಧಾನ ಬಹುಮಟ್ಟಿಗೆ ಇತಿಹಾಸಕ್ಕೆ ಸೇರಿತ್ತು.

ಆದರೆ ವಿಧಾನ ಹಳತಾದ ಮಾತ್ರಕ್ಕೆ ಅದರ ಹಿಂದಿನ ತತ್ತ್ವ ಹಳತಾಗುವುದಿಲ್ಲ. ವಾಹನ ಇಂದಿಗೂ ಹಳ್ಳಿಗೆ ಹೋಗುತ್ತಿರುವುದು ಬಡ ರೋಗಿ ತಾನಾಗಿ ಬರಲಾರ ಎಂಬ ತಿಳಿವಿನಿಂದಲೇ. ಮೋದಿಯವರ ಸ್ಥಾನವನ್ನು ನಿರ್ಧರಿಸಬೇಕಾದುದು ಒಂದು ದಿನದ 833ರಿಂದಲ್ಲ; ವಾಸಿಯಾಗಬಲ್ಲ ಕುರುಡನ್ನು ವಿಧಿಯೆಂದು ಒಪ್ಪಿ ಕುಳಿತಿದ್ದ ಹಳ್ಳಿಗಳಲ್ಲಿ ಆ ಒಪ್ಪಿಗೆಯನ್ನು ಅಲುಗಿಸಿದ ಐವತ್ತು ವರ್ಷಗಳ ನಡಿಗೆಯಿಂದ.