ಸಂತ ವಿಯಾನ್ನಿಯವರ ಒಂದು ವಾರದ ರಜೆ

ಪ್ರತಿ ವರ್ಷ ಆಗಸ್ಟ್ 4ರಂದು ನಾವು ಧರ್ಮಕೇಂದ್ರಗಳ ಗುರುಗಳ ಪಾಲಕರಾದ ಸಂತ ಜೋನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತೇವೆ. ಅವರು ಪಾಪನಿವೇದನೆಯ ಪೀಠದಲ್ಲಿ ಕಳೆದ ದೀರ್ಘ ಗಂಟೆಗಳ ಬಗ್ಗೆ ಅಂದಿನ ಪ್ರವಚನಗಳಲ್ಲಿ ಕೇಳುತ್ತೇವೆ. ಆದರೆ ಅದೇ ಸಂತರು ದಣಿದು ವಿಶ್ರಾಂತಿ ಬಯಸಿದ್ದರು, ಧರ್ಮಕೇಂದ್ರವನ್ನು ಬಿಟ್ಟು ಹೊರಟೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ವಿಯಾನ್ನಿಯವರು 1786ರ ಮೇ 8ರಂದು ಫ್ರಾನ್ಸಿನ ಲಿಯೋನ್ ನಗರದ ಸಮೀಪದ ದಾರ್ದಿಯಿ ಎಂಬ ಹಳ್ಳಿಯಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ಲತೀನ್ ಕಲಿಯಲು ಬಹಳ ಕಷ್ಟಪಟ್ಟು, 1815ರ ಆಗಸ್ಟ್ 13ರಂದು ಗ್ರೆನೋಬಲ್‌ನಲ್ಲಿ ಗುರುದೀಕ್ಷೆ ಪಡೆದರು. 1818ರ ಫೆಬ್ರವರಿಯಲ್ಲಿ ಆರ್ಸ್‌ಗೆ ಬಂದಾಗ ಅಲ್ಲಿದ್ದವರು ಸುಮಾರು 230 ಜನ ಮಾತ್ರ. ಕೆಲವೇ ವರ್ಷಗಳಲ್ಲಿ ಹೊರ ಊರುಗಳ ಯಾತ್ರಿಕರು ಬರತೊಡಗಿದರು. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೇ ಎದ್ದು ಚರ್ಚ್‌ಗೆ ಹೋಗುವುದು, ಚಳಿಗಾಲದಲ್ಲಿ 11-12 ಗಂಟೆ, ಬೇಸಿಗೆಯಲ್ಲಿ 16 ಗಂಟೆಗಳವರೆಗೂ ಪಾಪನಿವೇದನೆ ಕೇಳುವುದು, ಬೇಯಿಸಿದ ಆಲೂಗೆಡ್ಡೆಯಲ್ಲಿ ಊಟ ಮುಗಿಸುವುದು ಅವರ ದಿನಚರಿಯಾಯಿತು.

ದೇಹ ಎಷ್ಟು ತಾಳೀತು? 1843ರ ಮೇ ತಿಂಗಳಲ್ಲಿ ಅವರು ತೀವ್ರ ಶ್ವಾಸಕೋಶದ ಉರಿಯೂತದಿಂದ ಹಾಸಿಗೆ ಹಿಡಿದು ಸಾವಿನಂಚಿಗೆ ಹೋದರು. ಅಂತಿಮ ಸಂಸ್ಕಾರಗಳನ್ನೂ ಪಡೆದರು. ಸಂತ ಫಿಲೋಮಿನಾರವರ ಬಿನ್ನಹದಿಂದ ತಾವು ಗುಣಮುಖರಾದೆವೆಂದು ಅವರು ನಂಬಿದ್ದರು. ಆದರೆ ಬದುಕುಳಿದವರ ಮನಸ್ಸು ಮೊದಲಿನಂತಿರಲಿಲ್ಲ. ಓದು ಕಡಿಮೆಯಾದ ತಾವು ಇಷ್ಟು ಆತ್ಮಗಳ ಲೆಕ್ಕವನ್ನು ದೇವರಿಗೆ ಹೇಗೆ ಒಪ್ಪಿಸುವುದೆಂಬ ಭಯ ಅವರನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಸಾಯುವ ಮುನ್ನ ಏಕಾಂತದಲ್ಲಿ ಪ್ರಾರ್ಥಿಸಿ ಪಶ್ಚಾತ್ತಾಪಪಡುವ ಹಂಬಲ ಇನ್ನಷ್ಟು ಬಲವಾಯಿತು. 1840ರಲ್ಲೊಮ್ಮೆ ರಾತ್ರಿ ಹೊರಟು, ದಾರಿಯಲ್ಲೇ ಮನಸ್ಸು ಬದಲಿಸಿ ಹಿಂದಿರುಗಿದ್ದರು. 1843ರ ಸೆಪ್ಟೆಂಬರ್‌ನಲ್ಲಿ ಮತ್ತೆ ರಾತ್ರಿಯೇ ಹೊರಟು, ಗಂಟೆಗಟ್ಟಲೆ ನಡೆದು, ದಾರ್ದಿಯಿಯಲ್ಲಿ ಅಣ್ಣನ ಮನೆ ಸೇರಿದರು. ಹಗಲಿನಲ್ಲಿ ಜನ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ವಿಶ್ರಾಂತಿ ಸಿಕ್ಕಿತೇ? ಸುದ್ದಿ ಹರಡಿದ್ದೇ ತಡ, ಯಾತ್ರಿಕರು ದಾರ್ದಿಯಿಗೂ ಬಂದರು. ಅಲ್ಲಿಯೂ ಪಾಪನಿವೇದನೆಗೆ ಸಾಲು ನಿಂತಿತು. ಬೆಲ್ಲೆಯ ಧರ್ಮಾಧ್ಯಕ್ಷರಾದ ದವಿಯವರಿಗೆ ಅವರು ಆರ್ಸ್‌ನಲ್ಲೇ ಇರಬೇಕೆಂಬ ಆಶೆ. ಆದರೂ ಬೋಮೋಂ ಎಂಬಲ್ಲಿನ ಮಾತೆ ಮರಿಯಮ್ಮನವರ ಸಣ್ಣ ದೇವಾಲಯದ ಸೇವೆಯನ್ನು ಬದಲಿಯಾಗಿ ಸೂಚಿಸಿದರು. ವಿಯಾನ್ನಿಯವರು ಅಲ್ಲಿಗೆ ಹೋಗಿ ಬಲಿಪೂಜೆ ಅರ್ಪಿಸಿದರು, ಪ್ರಾರ್ಥಿಸಿದರು, ಆರ್ಸ್‌ಗೆ ಮರಳುವುದೇ ದೇವರ ಚಿತ್ತವೆಂದು ನಿರ್ಧರಿಸಿದರು. ಹೊರಟು ವಾರವಾಗುವಷ್ಟರಲ್ಲಿ ಅವರು ಮರಳಿದಾಗ ಊರೇ ಸಂಭ್ರಮಿಸಿತು. ಮುಂದೆ ವಂ. ರೇಮಂಡ್ ಅವರ ಸಹಾಯಕರಾಗಿ ಸೇವೆ ಸಲ್ಲಿಸಿದರು.

1853ರ ಸೆಪ್ಟೆಂಬರ್‌ನಲ್ಲಿ ಅವರು ಕೊನೆಯ ಬಾರಿಗೆ ಹೊರಡಲು ಯತ್ನಿಸಿದಾಗ ಊರವರು ದಾರಿಗೆ ಅಡ್ಡ ನಿಂತರು. ಅವರು ಪಾಪನಿವೇದನೆಯ ಪೀಠಕ್ಕೆ ಮರಳಿದರು. 1859ರ ಆಗಸ್ಟ್ 4ರಂದು ಆರ್ಸ್‌ನಲ್ಲೇ ದೈವಾಧೀನರಾದರು. 1925ರಲ್ಲಿ ಪೋಪ್ 11ನೇ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು.

ಈ ಚರಿತ್ರೆಯನ್ನು ಹೇಳಿ, ಒಳ್ಳೆಯ ಗುರುಗಳಿಗೆ ರಜೆ ಬೇಡ ಎನ್ನುವವರಿದ್ದಾರೆ. ನಾವು ಹಾಗೆ ಓದುವುದಿಲ್ಲ. ಸಂತರಾದವರೂ ದಣಿಯುತ್ತಾರೆ, ದಣಿವು ವಿಶ್ವಾಸದ ಕೊರತೆಯಲ್ಲ ಎಂಬುದೇ ಇದರ ಮೊದಲ ಪಾಠ. ಪ್ರೇಷಿತರು ದಣಿದು ಬಂದಾಗ ಯೇಸು ಸ್ವಾಮಿಯೇ ಅವರನ್ನು ವಿಶ್ರಾಂತಿಗಾಗಿ ನಿರ್ಜನ ಸ್ಥಳಕ್ಕೆ ಕರೆದೊಯ್ದರೆಂದು ಸಂತ ಮಾರ್ಕರು ಬರೆದಿದ್ದಾರೆ. ಅಲ್ಲಿಗೂ ಜನ ಮೊದಲೇ ಓಡಿ ಬಂದಿದ್ದರು! 1983ರ ಧರ್ಮಸಭೆಯ ಕಾನೂನು ಸಂಹಿತೆಯ 533ನೇ ವಿಧಿ ವಿಚಾರಣಾ ಗುರುಗಳಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ರಜೆಯನ್ನು ಒಪ್ಪುತ್ತದೆ. ವಾರ್ಷಿಕ ಧ್ಯಾನಕೂಟದ ದಿನಗಳನ್ನು ಅದರಲ್ಲಿ ಲೆಕ್ಕ ಹಾಕುವಂತಿಲ್ಲ.

ಹಾಗಿದ್ದೂ, ಗುರುಗಳು ಆರೋಗ್ಯಕ್ಕಾಗಿ ಅಥವಾ ಆತ್ಮಿಕ ನವೀಕರಣಕ್ಕಾಗಿ ಕೆಲವು ತಿಂಗಳು ದೂರ ಹೋದರೆ ಊರಲ್ಲಿ ಗುಸುಗುಸು ಶುರುವಾಗುತ್ತದೆ. ಏನೋ ತೊಂದರೆಯಿದೆ, ಯಾರದೋ ದೂರಿದೆ ಎಂದು ಮಾತು ಬೆಳೆಯುತ್ತದೆ. ಆ ಮಾತಿಗೆ ಹೆದರಿಯೇ ಎಷ್ಟೋ ಗುರುಗಳು ದಣಿವನ್ನು ನುಂಗಿಕೊಳ್ಳುತ್ತಾರೆ. ಆರ್ಸ್‌ನ ಜನ ತಮ್ಮ ಗುರುಗಳನ್ನು ಬಹಳ ಪ್ರೀತಿಸಿದರು, ಆದರೆ ಅವರು ಹಗಲಿನಲ್ಲಿ ಹೇಳಿ ಹೋಗುವಷ್ಟು ಅವಕಾಶ ಕೊಡಲಿಲ್ಲ.

ನಮ್ಮ ಗುರುಗಳಿಗಾದರೂ ರಾತ್ರಿ ಹೊರಡುವ ಅಗತ್ಯ ಬಾರದಿರಲಿ. ಹೊರಟವರಿಗಾಗಿ ಪ್ರಾರ್ಥಿಸೋಣ, ಬದಲಿಗೆ ಬಂದವರೊಂದಿಗೆ ಸಹಕರಿಸೋಣ, ಮರಳಿ ಬಂದಾಗ ಪ್ರಶ್ನೆಗಳಿಲ್ಲದೆ ಸ್ವಾಗತಿಸೋಣ.