ಸಮವಸ್ತ್ರ ತೊಟ್ಟ ಸಂಗೀತಗಾರ ಜೋಸೆಫ್ ಹೈಡನ್

ಬರುವ ಶನಿವಾರ ಸಂಜೆ ನಮ್ಮ ನಗರದ ತಂತಿವಾದ್ಯಗಾರರ ತಂಡವೊಂದು ಪಾಶ್ಚಾತ್ಯ ಪದ್ಧತಿಯ ಕಚೇರಿಯನ್ನು ನಡೆಸಲಿದೆ. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೊ, ಇಷ್ಟೇ ವಾದ್ಯಗಳು. ಹಾಡುವವರಿಲ್ಲ, ತಾಳ ಹಾಕುವವರಿಲ್ಲ. ಮನೆಯ ದಿವಾನಖಾನೆಯಲ್ಲಿ ಹತ್ತಾರು ಮಂದಿ ಕುಳಿತು ಕೇಳುವುದಕ್ಕಾಗಿ ಹುಟ್ಟಿದ ಸಂಗೀತವಿದು. ಇಂತಹ ಕಚೇರಿಗಳು ಸಿರಿವಂತರಿಗೆ ಮೀಸಲು ಎಂಬ ಭಾವನೆ ನಮ್ಮ ವಾಚಕರಲ್ಲಿ ಅನೇಕರಿಗಿರಬಹುದು. ನಮಗೂ ಬಹುಕಾಲ ಇದ್ದಿತು. ಆದರೆ ಈ ನಾಲ್ಕು ವಾದ್ಯಗಳ ಮೇಳಕ್ಕೆ ಒಂದು ರೂಪು ಕೊಟ್ಟ ಮಹನೀಯನು ಅಡಿಗೆಯವಳ ಮಗನೆಂಬುದನ್ನೂ, ಸುಮಾರು ಮೂವತ್ತು ವರ್ಷ ಧಣಿಯ ಮನೆಯ ಸಮವಸ್ತ್ರ ತೊಟ್ಟು ದುಡಿದವನೆಂಬುದನ್ನೂ ತಿಳಿದ ಮೇಲೆ ನಮ್ಮ ಭಾವನೆ ಬದಲಾಯಿತು.

ಜೋಸೆಫ್ ಹೈಡನ್ನನು 1732ನೆಯ ಇಸವಿ ಮಾರ್ಚ್ 31ರಂದು ಆಸ್ಟ್ರಿಯ ದೇಶದ ರೋರೌ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಬಂಡಿಯ ಗಾಲಿ ಮಾಡುವ ಬಡಗಿ. ತಾಯಿ ಮದುವೆಗೆ ಮುನ್ನ ಊರ ಜಮೀನ್ದಾರರ ಕೋಟೆಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದವಳು. ಸ್ವರಲಿಪಿಯ ಗಂಧವಿಲ್ಲದ ತಂದೆ ಸಂಜೆಯ ಹೊತ್ತು ತಂತಿವಾದ್ಯ ಮೀಟುತ್ತ ಹಾಡುತ್ತಿದ್ದನು. ಮಗನ ಕಂಠವನ್ನು ಮೆಚ್ಚಿದ ನೆಂಟನೊಬ್ಬ, ಉಪಾಧ್ಯಾಯ, ಐದಾರು ವರ್ಷದ ಬಾಲಕನನ್ನು ಓದಿಸುವುದಾಗಿ ತನ್ನ ಊರಿಗೆ ಕರೆದೊಯ್ದನು. ಆ ಮನೆಯಲ್ಲಿ ಊಟಕ್ಕಿಂತ ಏಟೇ ಹೆಚ್ಚಾಗಿ ಸಿಕ್ಕಿತಂತೆ. ಎಳೆಯ ವಯಸ್ಸಿನಲ್ಲಿ ನೆಂಟರ ಕೈಹಿಡಿದು ಪರವೂರಿಗೆ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಂದ ವಿಯೆನ್ನಾ ನಗರದ ಸಂತ ಸ್ಟೀಫನ್ನರ ದೊಡ್ಡ ದೇವಾಲಯದ ಹಾಡುಗಾರ ಹುಡುಗರ ತಂಡಕ್ಕೆ ಸೇರಿದನು. ಹದಿಹರೆಯದಲ್ಲಿ ಕಂಠ ಒಡೆಯಿತು. ಹಾಡಲಾರದ ಹುಡುಗನು ಬೀದಿಗೆ ಬಿದ್ದನು. ಆಮೇಲಿನ ಕೆಲವು ವರ್ಷ ಅಟ್ಟದ ಮೇಲಿನ ಖೋಲಿಯೊಂದರಲ್ಲಿ ವಾಸ, ಮಕ್ಕಳಿಗೆ ಪಾಠ, ಬೀದಿಮೇಳಗಳಲ್ಲಿ ಪಿಟೀಲು. ಪೋರ್ಪೋರ ಎಂಬ ಇಟಲಿಯ ವೃದ್ಧ ವಿದ್ವಾಂಸನ ಬಟ್ಟೆ ಝಾಡಿಸಿ, ಬೂಟು ಒರೆಸಿ, ಬೈಗಳನ್ನೂ ನುಂಗಿಕೊಂಡು, ಪ್ರತಿಯಾಗಿ ಸಂಗೀತ ರಚನೆಯ ಮರ್ಮವನ್ನು ಕಲಿತನು. ನಮ್ಮಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ವಿದ್ಯೆಯೂ ಇದೇ ಜಾತಿಯದು.

ನಾಲ್ವರ ಮೇಳ ಆರಂಭವಾದ ಬಗೆ ಸ್ವಾರಸ್ಯವಾಗಿದೆ. ಫ್ಯೂರ್ನ್‌ಬರ್ಗ್ ಎಂಬ ಜಹಗೀರುದಾರನ ಹಳ್ಳಿಮನೆಯಲ್ಲಿ ಆಗಾಗ ನುಡಿಸಲು ಸಿಕ್ಕವರು ನಾಲ್ವರೇ: ಊರ ಪಾದ್ರಿ, ಎಸ್ಟೇಟಿನ ಮ್ಯಾನೇಜರು, ಚೆಲ್ಲೊ ಬಲ್ಲವನೊಬ್ಬ, ಮತ್ತು ಹೈಡನ್. ಇದ್ದವರಿಗೆ ಒಪ್ಪುವಂತೆ ಆತನು ರಚಿಸಿಕೊಟ್ಟನು. ಹೀಗೆ ಹೊತ್ತು ಕಳೆಯಲು ತೊಡಗಿದ್ದು ಕೊನೆಗೆ 68 ಚತುಷ್ಟಯಗಳಾಗಿ ಬೆಳೆಯಿತು.

1761ನೆಯ ಮೇ 1ರಂದು ಎಸ್ಟರ್‌ಹಾಜಿ ಎಂಬ ಹಂಗೇರಿಯ ಮಹಾಶ್ರೀಮಂತ ರಾಜಮನೆತನದೊಡನೆ ಕರಾರಿಗೆ ಸಹಿ ಮಾಡಿದನು. ವರ್ಷಕ್ಕೆ 400 ಫ್ಲಾರಿನ್ ಸಂಬಳ. ಬಿಳಿಯ ಕಾಲುಚೀಲ, ಒಗೆದ ಅಂಗಿ, ಪುಡಿ ಹಚ್ಚಿದ ಜಡೆ ಕಡ್ಡಾಯ. ಪ್ರತಿದಿನ ಮಧ್ಯಾಹ್ನದ ಮೊದಲೂ ಅನಂತರವೂ ಪಡಸಾಲೆಯಲ್ಲಿ ನಿಂತು, ಇಂದು ಸಂಗೀತ ಬೇಕೋ ಬೇಡವೋ ಎಂಬ ಅಪ್ಪಣೆಗೆ ಕಾಯಬೇಕು. ಕೈಕೆಳಗಿನವರೊಡನೆ ಊಟ ಉಪಚಾರಗಳಲ್ಲಿ ಅತಿ ಸಲಿಗೆ ಕೂಡದು. ಬರೆದದ್ದೆಲ್ಲ ಧಣಿಯ ಸೊತ್ತು. ಹೊರಗಿನವರಿಗೆ ಪ್ರತಿ ಕೊಡುವಂತಿಲ್ಲ. ಮಾಣಿಗಳನ್ನೂ ಗುಮಾಸ್ತರನ್ನೂ ನೇಮಿಸಿಕೊಂಡ ನಮಗೆ ಈ ಷರತ್ತುಗಳು ಅಪರಿಚಿತವೆನಿಸಲಿಲ್ಲ. ಆದರೆ ಬಿಸಿ ದೋಸೆಯ ಮೇಲೆ ಧಣಿಗೆ ಇರುವ ಹಕ್ಕು ರಾಗದ ಮೇಲೂ ಇರಬೇಕೆ ಎಂಬುದು ಬೇರೆ ಪ್ರಶ್ನೆ. ಆ ಷರತ್ತು ಸಡಿಲವಾದುದು 1779ರ ಹೊಸ ಕರಾರಿನಲ್ಲಿ.

1762ರಲ್ಲಿ ಪಟ್ಟಕ್ಕೆ ಬಂದ ನಿಕೋಲಾಸ್ ಧಣಿಗೆ ಬಾರಿಟೋನ್ ಎಂಬ ವಾದ್ಯದ ಹುಚ್ಚು. ನಮ್ಮ ಸಾರಂಗಿಯ ತರಬುಗಳಂತೆ ಇದಕ್ಕೂ ಒಳಗೆ ಬೇರೆ ತಂತಿಗಳುಂಟು. ಆತನೊಬ್ಬನ ಸಂತೋಷಕ್ಕಾಗಿ ಹೈಡನ್ನನು 120ಕ್ಕೂ ಹೆಚ್ಚು ರಚನೆಗಳನ್ನು ಬರೆದುಕೊಟ್ಟನು. ಇಂದು ಆ ವಾದ್ಯವನ್ನು ನುಡಿಸುವವರೇ ವಿರಳ.

ಈ ಧಣಿ ಹಂಗೇರಿಯ ಜೌಗು ನೆಲದಲ್ಲಿ ಎಸ್ಟರ್‌ಹಾಜಾ ಎಂಬ ಅರಮನೆಯನ್ನು ಕಟ್ಟಿಸಿ, ವರ್ಷದ ಬಹುಭಾಗ ಅಲ್ಲಿಯೇ ಇರತೊಡಗಿದನು. ವಾದ್ಯಗಾರರು ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆತರಕೂಡದೆಂದು ಅಪ್ಪಣೆಯಾಯಿತು. ಕೆಲವರಿಗೆ ಮಾತ್ರ ವಿನಾಯಿತಿ. ಅವರಲ್ಲಿ ಹೈಡನ್ನನೂ ಒಬ್ಬ. 1772ರಲ್ಲಿ ಊರಿಗೆ ಮರಳುವ ದಿನ ಮುಂದೆ ಮುಂದೆ ಹೋಯಿತು. ತನಗೆ ತೊಂದರೆಯಿಲ್ಲದಿದ್ದರೂ ವಾದ್ಯಗಾರರ ಅಳಲನ್ನು ಹೈಡನ್ನನು ತನ್ನದೆಂದು ತಿಳಿದನು. ಮನವಿ ಪತ್ರ ಬರೆಯಲಿಲ್ಲ, ಒಂದು ಮೇಳಕೃತಿಯನ್ನು ಬರೆದನು. ಅದರ ಕೊನೆಯ ಭಾಗದಲ್ಲಿ ಒಬ್ಬೊಬ್ಬನೇ ತನ್ನ ಪಾಲನ್ನು ನುಡಿಸಿ ಮುಗಿಸಿ, ಎದುರಿನ ಮೇಣದ ಬತ್ತಿಯನ್ನು ಆರಿಸಿ, ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೋದನು. ಕೊನೆಗೆ ಉಳಿದವು ಎರಡು ಪಿಟೀಲುಗಳು, ಅವೂ ಮೌನವಾದವು. ಧಣಿಗೆ ಅರ್ಥವಾಯಿತು. ಮರುದಿನವೇ ಪ್ರಯಾಣಕ್ಕೆ ಅಪ್ಪಣೆಯಾಯಿತೆಂದು ಆತನ ಚರಿತ್ರಕಾರರು ಬರೆದಿದ್ದಾರೆ.

ನಾವು ಹೋಟೆಲು ನಡೆಸುತ್ತಿದ್ದಾಗ, ದೀಪಾವಳಿಯ ಗಿರಾಕಿಯನ್ನು ನೆನೆದು ನಮ್ಮ ಅಡಿಗೆಯವರಿಗೆ ಎರಡು ವರ್ಷ ಊರಿಗೆ ಹೋಗಲು ರಜೆ ಕೊಡಲಿಲ್ಲ. ಅವರು ಎದುರು ಮಾತನಾಡಲಿಲ್ಲ. ಒಂದು ರಾತ್ರಿ ಪಾತ್ರೆಗಳನ್ನು ತೊಳೆದು ಕವುಚಿ, ಒಲೆ ಆರಿಸಿ, ಚೀಲ ಹೆಗಲಿಗೇರಿಸಿ ಹೊರಟುಹೋದರು. ಬೆಳಿಗ್ಗೆ ಹಾಲಿನವನು ಬಂದಾಗಲೇ ನಮಗೆ ತಿಳಿದದ್ದು. ಹೈಡನ್ನನ ಧಣಿಗಿದ್ದ ಸೂಕ್ಷ್ಮ ನಮಗಿರಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ವಾದ್ಯಗಾರರ ಪರವಾಗಿ ಹೀಗೆ ನಿಲ್ಲುತ್ತಿದ್ದುದರಿಂದಲೇ ಅವರು ಆತನನ್ನು ಅಪ್ಪ ಎಂದು ಕರೆಯುತ್ತಿದ್ದರು. ಆತನಿಗೆ ಸ್ವಂತ ಮಕ್ಕಳಿರಲಿಲ್ಲ, ದಾಂಪತ್ಯವೂ ಸುಖದ್ದಾಗಿರಲಿಲ್ಲ. ತನಗಿಂತ 24 ವರ್ಷ ಕಿರಿಯನಾದ ಮೊಜಾರ್ಟನೊಡನೆ ಬೆಳೆದ ಸ್ನೇಹ ಅಪೂರ್ವವಾದುದು. ಆ ಯುವಕನು ತನ್ನ ಆರು ಚತುಷ್ಟಯಗಳನ್ನು 1785ರಲ್ಲಿ ಹಿರಿಯನಿಗೆ ಅರ್ಪಿಸಿದನು.

1790ರಲ್ಲಿ ನಿಕೋಲಾಸ್ ತೀರಿಕೊಂಡನು, ಮೇಳ ಚದುರಿತು. ಆಗ ಹೈಡನ್ನನಿಗೆ 58 ವಯಸ್ಸು. ಇಂಗ್ಲಿಷು ಬಾರದಿದ್ದರೂ 1791ರ ಹೊಸ ವರ್ಷದ ದಿನ ಕಡಲು ದಾಟಿ ಇಂಗ್ಲೆಂಡಿಗೆ ಹೋದನು. ಲಂಡನ್ನಿನ ಜನ ಹಣ ಕೊಟ್ಟು ಕೇಳಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಡಾಕ್ಟರ್ ಪದವಿ ನೀಡಿತು. ಅಪ್ಪಣೆಗೆ ಕಾಯದೆ ಬದುಕಬಹುದೆಂದು ಆತನು ಕಂಡದ್ದು ಆ ವಯಸ್ಸಿನಲ್ಲಿ.

1797ರಲ್ಲಿ ತನ್ನ ಚಕ್ರವರ್ತಿಗಾಗಿ ಒಂದು ಸ್ತುತಿಗೀತೆಯ ಮಟ್ಟನ್ನು ರಚಿಸಿದನು. ಅದೇ ಮಟ್ಟು ಇಂದು ಜರ್ಮನಿಯ ರಾಷ್ಟ್ರಗೀತೆಯದು. 1809ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ಫಿರಂಗಿಯ ಗುಂಡೊಂದು ಆತನ ಮನೆಯ ಸಮೀಪದಲ್ಲೇ ಬಿದ್ದಿತು. ನಡುಗುತ್ತಿದ್ದ ಸೇವಕರಿಗೆ ಧೈರ್ಯ ಹೇಳಿದವನು 77 ವರ್ಷದ ಆ ಮುದುಕನೇ. ದಿನಕ್ಕೊಮ್ಮೆ ಪಿಯಾನೋದ ಮುಂದೆ ಕುಳಿತು ಆ ಮಟ್ಟನ್ನೇ ನುಡಿಸುತ್ತಿದ್ದನು. ಮೇ 26ರಂದು ಮೂರು ಬಾರಿ ನುಡಿಸಿದನು. ಮೇ 31ರಂದು ತೀರಿಕೊಂಡನು.

ಆ ಮಟ್ಟನ್ನೇ ಆತನು ಒಂದು ಚತುಷ್ಟಯದಲ್ಲಿ ಸೇರಿಸಿದ್ದಾನೆ. ಶನಿವಾರ ನುಡಿಸಲಿರುವುದು ಅದನ್ನೇ. ಎರಡನೆಯ ಭಾಗವನ್ನು ಗಮನವಿಟ್ಟು ಕೇಳಬೇಕು. ಮಟ್ಟು ಮೊದಲನೆಯ ಪಿಟೀಲಿನಿಂದ ಎರಡನೆಯದಕ್ಕೆ, ಅಲ್ಲಿಂದ ಚೆಲ್ಲೊಗೆ, ಬಳಿಕ ವಿಯೋಲಕ್ಕೆ ದಾಟಿ, ಕೊನೆಗೆ ಮೊದಲಿನವನ ಕೈಗೇ ಮರಳುತ್ತದೆ. ಸಂಜೆಯ ಪಾಳಿಯಿಲ್ಲದವರು ಬರಬಹುದು. ನಾವು ಹಿಂದಿನ ಸಾಲಿನಲ್ಲಿರುತ್ತೇವೆ.