ಒಂದು ಅಂಕದ ಕಿಟೆಲ್

ಪರೀಕ್ಷೆಗೆ ಓದುವಾಗ ಕಿಟೆಲ್ ನನಗೆ ಒಂದು ಅಂಕದ ಉತ್ತರ, ಅಷ್ಟೇ. ಕನ್ನಡ–ಇಂಗ್ಲಿಷ್ ನಿಘಂಟು, 1894. ಹೋದ ವರ್ಷ ಸಂದರ್ಶನವೊಂದರಲ್ಲಿ ನನ್ನ ಕುರಕುಂಟಾದ ಮಾತು ಕೇಳಿ, ಇದು ಯಾವ ಕನ್ನಡ ಎಂದು ನಕ್ಕರು. ಕೆಲಸ ಸಿಗಲಿಲ್ಲ. ಆ ಬೇಸರದಲ್ಲೇ ಗ್ರಂಥಾಲಯದಲ್ಲಿ ಅವರ ಜೀವನ ಓದತೊಡಗಿದೆ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯಲ್ಲಿ. ತಂದೆ ಪಾದ್ರಿ. 1853ರಲ್ಲಿ ಬಾಸೆಲ್ ಮಿಶನ್ ಅವರನ್ನು ಧರ್ಮಪ್ರಚಾರಕ್ಕೆಂದು ಕರ್ನಾಟಕಕ್ಕೆ ಕಳಿಸಿತು. ಆಗ ಅವರಿಗೆ 21 ವರ್ಷ, ನಮ್ಮ ಡಿಗ್ರಿ ಮುಗಿಯುವ ವಯಸ್ಸು!

ಮಿಶನ್ 1834ರಲ್ಲೇ ಮಂಗಳೂರಿಗೆ ಬಂದಿತ್ತು. ಕ್ರೈಸ್ತರಾದವರಿಗೆ ಮನೆ, ಜಾತಿ, ಕುಲಕಸುಬು ಎಲ್ಲವೂ ತಪ್ಪುತ್ತಿದ್ದವು. ಅವರ ಹೊಟ್ಟೆಪಾಡಿಗೆ ನೇಯ್ಗೆ, ಮುದ್ರಣ, ಆಮೇಲೆ ಹಂಚಿನ ಕಾರ್ಖಾನೆಗಳು ಬಂದವು. ಸಭೆ ಬೆಳೆದದ್ದು ಬರೀ ಬೋಧನೆಯಿಂದಲ್ಲ, ಕೂಲಿಯಿಂದಲೂ ಹೌದು. ಡೇರೆ ಹೊಲಿದು ಬದುಕುತ್ತಾ ಊರೂರು ಸುತ್ತಿದ ಸಂತ ಪೌಲನ ಕಾಲದಲ್ಲೂ ಕೆಲಸ, ಧರ್ಮ ಜೊತೆಗೇ ಇದ್ದವು.

ಕಿಟೆಲ್ ಹಿಡಿದ ದಾರಿ ಮಾತ್ರ ಬೇರೆ. ಜನರ ಮನಸ್ಸು ಮುಟ್ಟಬೇಕಾದರೆ ಅವರ ಹಾಡು, ಗಾದೆ, ಹಳೆಯ ಕಾವ್ಯ ತಿಳಿಯಬೇಕೆಂದು ಕಲಿಯಲು ಕುಳಿತರು. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚು ಮಾಡಿಸಿದರು. ಪ್ರಚಾರಕ್ಕೆ ಬಂದವರು ವಿದ್ಯಾರ್ಥಿಯಾಗಿಯೇ ಉಳಿದರು ಎನಿಸುತ್ತದೆ ನನಗೆ.

ಇದರ ನಡುವೆ ಮೊದಲ ಪತ್ನಿ ಪೌಲೀನ್ ತೀರಿಕೊಂಡರು. ಆಮೇಲೆ ಅವರ ತಂಗಿಯನ್ನೇ ಮದುವೆಯಾದರು. 1877ರಲ್ಲಿ ಜರ್ಮನಿಗೆ ಮರಳಿದರೂ, ನಿಘಂಟಿನ ಕೆಲಸ ಪಂಡಿತರ ನೆರವಿಲ್ಲದೆ ಸಾಗಲಿಲ್ಲ. ಐವತ್ತು ದಾಟಿದ್ದ ಕಿಟೆಲ್ 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. ಓದಿ ಓದಿ ಕಣ್ಣು ಮಂಜಾದವು. ಸುಮಾರು 70,000 ಪದಗಳ ನಿಘಂಟು ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದಾಗ ಕೆಲಸ ಶುರುವಾಗಿ ಎರಡು ದಶಕವೇ ಕಳೆದಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. ಆ ವರ್ಷವೇ ಡಿಸೆಂಬರಿನಲ್ಲಿ ತೀರಿಕೊಂಡರು.

ನಿಘಂಟಿನ ಮರುಮುದ್ರಣದ ಸಂಪುಟ ತೆರೆದೆ. ಹಳಗನ್ನಡದ ಪಕ್ಕದಲ್ಲೇ ಆಡುಮಾತು, ಗಾದೆಗಳು. ಹಿಂದೂಸ್ತಾನಿ, ಮರಾಠಿಯಿಂದ ಬಂದ ಪದಗಳಿಗೂ ಮೂಲ ಗುರುತಿಸಿ ಜಾಗ ಕೊಟ್ಟಿದ್ದಾರೆ. ನಮ್ಮ ಸೇಡಂ ತಾಲ್ಲೂಕಿನಲ್ಲಿ ಕನ್ನಡದೊಳಗೆ ಉರ್ದು, ತೆಲುಗು ಬೆರೆಸಿಯೇ ಮಾತಾಡುತ್ತೇವೆ. ನಕ್ಕವರ ಮುಖ ನೆನಪಾಯಿತು. ಗ್ರಂಥಾಲಯ ಮುಚ್ಚುವ ತನಕ ಹಾಳೆ ತಿರುವುತ್ತಲೇ ಇದ್ದೆ.